ಮಕ್ಕಳೇ ಸೂಚಿಸಿ ಮಕ್ಕಳೇ ಓಟು ಹಾಕುವ ಪುಸ್ತಕ ಪ್ರಶಸ್ತಿ: ನಮ್ಮ ಹೈಸ್ಕೂಲಿನಲ್ಲೂ ಮಾಡಬಹುದಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ "ಚಿಕ್ಕಿ, ನಾನು ಟೀನ್ಸ್ ಟಾಪ್ ಟೆನ್‌ಗೆ ಓಟು ಹಾಕಿದೆ" ಅಂದಳು. ಏನದು ಅಂದರೆ, ಮಕ್ಕಳೇ ಆರಿಸುವ ಪುಸ್ತಕ ಪ್ರಶಸ್ತಿ ಅಂತೆ. ಇದು ನಿಜವಾದ ಪ್ರಶಸ್ತಿಯಾ ಅಥವಾ ಸುಮ್ನೆ ಯಾವುದು ಫೇಮಸ್ಸೋ ಅದು ಗೆಲ್ಲುವ ಆಟವಾ? ನಮ್ಮ ಶಾಲೆಯಲ್ಲಿ ನೂರಿಪ್ಪತ್ತು ಮಕ್ಕಳು, ಪುಸ್ತಕದ ಒಂದು ಬೀರು ಇದೆ. ಇಲ್ಲಿ ಇಂಥದ್ದು ಮಾಡಬಹುದಾ? ಬಹುಮಾನಕ್ಕೆ ಅಂತ ದುಡ್ಡು ಇಲ್ಲ.

ಉತ್ತರ:

ಮೇಡಂ, ಮುಂದಿನ ಸಲ ಫೋನ್ ಮಾಡಿದಾಗ ಆ ಹುಡುಗಿಯನ್ನು ಒಂದು ಮಾತು ಕೇಳಿ. ಅವಳು ಓಟು ಮಾತ್ರ ಹಾಕಿದಳಾ, ಇಲ್ಲಾ ಪುಸ್ತಕ ಸೂಚಿಸುವ ಗುಂಪಿನಲ್ಲೂ ಇದ್ದಳಾ? ಇಡೀ ವಿಷಯ ಇರುವುದೇ ಅಲ್ಲಿ. ಓಟು ಹಾಕಿಸುವುದು ಸುಲಭ, ಯಾರು ಬೇಕಾದರೂ ಹಾಕಿಸುತ್ತಾರೆ. ದೊಡ್ಡವರು ಹತ್ತು ಪುಸ್ತಕ ಆರಿಸಿ ಮುಂದೆ ಇಟ್ಟು "ಇದರಲ್ಲಿ ನಿಮಗೆ ಯಾವುದು ಇಷ್ಟ, ಹೇಳಿ ಮಕ್ಕಳೇ" ಅಂದರೆ ಅದು ಪಂಕ್ತಿಯಲ್ಲಿ ಬಡಿಸಿದ್ದರಲ್ಲಿ ಪಾಯಸ ಚೆನ್ನಾಗಿದೆಯಾ ಹೋಳಿಗೆ ಚೆನ್ನಾಗಿದೆಯಾ ಅಂತ ಕೇಳಿದ ಹಾಗೆ. ಅಡುಗೆ ಏನಾಗಬೇಕು ಅಂತ ಕೇಳುವುದು ಬೇರೆ ಮಾತು.

ಟೀನ್ಸ್ ಟಾಪ್ ಟೆನ್‌ನಲ್ಲಿ ಅಡುಗೆ ಮನೆಯ ಬಾಗಿಲನ್ನೂ ತೆಗೆದಿದ್ದಾರೆ. ಇದನ್ನು ನಡೆಸುವುದು ಅಲ್ಲಿನ ಲೈಬ್ರರಿಯನ್‌ಗಳು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಅಂತ 1876ರಲ್ಲಿ ಹುಟ್ಟಿದ ಹಳೇ ಸಂಸ್ಥೆ ಇದೆ. ಅದರೊಳಗೆ ಹದಿಹರೆಯದವರ ಓದನ್ನು ನೋಡಿಕೊಳ್ಳುವ ವಿಭಾಗಕ್ಕೆ ಯಾಲ್ಸಾ ಅಂತ ಹೆಸರು. 2003ರಲ್ಲಿ ಅವರು ಈ ಪಟ್ಟಿ ಶುರು ಮಾಡಿದರು. ದೇಶದ ಬೇರೆ ಬೇರೆ ಊರುಗಳಲ್ಲಿ, ಶಾಲೆಯ ಅಥವಾ ಊರಿನ ಲೈಬ್ರರಿಗಳಲ್ಲಿ ಓದಿಕೊಂಡು ಹರಟೆ ಹೊಡೆಯುವ ಹುಡುಗ ಹುಡುಗಿಯರ ಗುಂಪುಗಳಿರುತ್ತವಲ್ಲ, ಅಂಥ ಹದಿನೈದು ಹದಿನಾರು ಗುಂಪುಗಳನ್ನು ಆರಿಸಿಕೊಳ್ಳುತ್ತಾರೆ. ಪ್ರಕಾಶಕರು ಹೊಸ ಪುಸ್ತಕಗಳನ್ನು ಆ ಗುಂಪುಗಳಿಗೆ ಕಳಿಸುತ್ತಾರೆ, ಎಷ್ಟೋ ಸಲ ಪುಸ್ತಕ ಅಂಗಡಿಗೆ ಬರುವ ಮೊದಲೇ. ಕೊನೆಯ ತಿದ್ದುಪಡಿ ಆಗದ, ರಟ್ಟು ಇಲ್ಲದ ಆ ಪ್ರತಿಗೆ ಗ್ಯಾಲಿ ಅನ್ನುತ್ತಾರೆ. ನಮ್ಮ ಹಳೇ ಪ್ರೆಸ್ಸಿನವರಿಗೂ ಆ ಪದ ಚೆನ್ನಾಗಿ ಗೊತ್ತು, "ಗ್ಯಾಲಿ ಪ್ರೂಫ್ ಬಂತಾ?" ಅಂತ ಕೇಳುತ್ತಿದ್ದ ಕಾಲ ಇತ್ತು. ಮಕ್ಕಳು ಓದಿ ತಮಗೆ ಅನ್ನಿಸಿದ್ದನ್ನು ಬರೆಯುತ್ತಾರೆ. ಅದು ಪ್ರಕಾಶಕರಿಗೆ ವಾಪಸ್ ಹೋಗುತ್ತದೆ. ಹೊಗಳಿಕೆಯೂ ಹೋಗುತ್ತದೆ, "ನಲವತ್ತನೇ ಪುಟಕ್ಕೆ ನಿದ್ದೆ ಬಂತು" ಅನ್ನುವುದೂ ಹೋಗುತ್ತದೆ.

ಹಿಂದಿನ ವರ್ಷ ಬಂದ ಪುಸ್ತಕಗಳಲ್ಲಿ ತಮಗೆ ಹಿಡಿಸಿದ್ದನ್ನು ಈ ಗುಂಪುಗಳು ಸೂಚಿಸುತ್ತವೆ. ಸುಮಾರು ಇಪ್ಪತ್ತೈದು ಪುಸ್ತಕಗಳ ಪಟ್ಟಿ ಆಗುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಬರುತ್ತದೆ (ನಮ್ಮದು ನವೆಂಬರ್‌ನಲ್ಲಿ), ಆಗ ಪಟ್ಟಿ ಹೊರಗೆ ಬರುತ್ತದೆ. ಬೇಸಿಗೆ ರಜೆ ಪೂರ್ತಿ ಓದಿಕೊಳ್ಳಲು ಸಮಯ. ರಜೆ ಮುಗಿಯುವ ಹೊತ್ತಿಗೆ ಓಟು ಶುರು. 12ರಿಂದ 18 ವಯಸ್ಸಿನ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಓಟು ಹಾಕಬಹುದು. ಅಕ್ಟೋಬರ್ ಹೊತ್ತಿಗೆ ಹತ್ತು ಪುಸ್ತಕಗಳ ಹೆಸರು ಬರುತ್ತದೆ. ಇಲ್ಲಿ ದೊಡ್ಡವರದು ಚಪ್ಪರ ಹಾಕುವ ಕೆಲಸ ಮಾತ್ರ.

ಇದು ಎಷ್ಟು ದೊಡ್ಡ ಬದಲಾವಣೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಮಕ್ಕಳ ಪುಸ್ತಕಕ್ಕೆ ಅಂತಲೇ ಇರುವ ಪ್ರಶಸ್ತಿಗಳಲ್ಲಿ ಹಿರಿಯದು ನ್ಯೂಬೆರಿ ಪದಕ. ಅದೂ ಇದೇ ಲೈಬ್ರರಿ ಸಂಸ್ಥೆಯದು, 1922ರಿಂದ ಕೊಡುತ್ತಿದ್ದಾರೆ. ಅದನ್ನು ಆರಿಸುವವರು ದೊಡ್ಡವರು. ಅದರ ನಿಯಮದಲ್ಲಿ ಒಂದು ಸಾಲು ನನಗೆ ಬಹಳ ಇಷ್ಟ: ಪುಸ್ತಕ ಎಷ್ಟು ನೀತಿ ಹೇಳುತ್ತದೆ ಅನ್ನುವುದಕ್ಕಾಗಲಿ ಎಷ್ಟು ಜನಪ್ರಿಯ ಅನ್ನುವುದಕ್ಕಾಗಲಿ ಈ ಪದಕ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಮೊದಲನೇ ಅರ್ಧವನ್ನು ನಮ್ಮ ಊರಿನ ಎಲ್ಲಾ ಮಕ್ಕಳ ಪುಸ್ತಕ ಸ್ಪರ್ಧೆಗಳ ಬಾಗಿಲಿಗೆ ಅಂಟಿಸಬೇಕು ಅನ್ನಿಸುತ್ತದೆ ನನಗೆ! ಎರಡನೇ ಅರ್ಧ ಮಾತ್ರ ಒಂದು ಪ್ರಶ್ನೆಯನ್ನು ಹಾಗೇ ಬಿಡುತ್ತದೆ, ಮಕ್ಕಳಿಗೆ ಇಷ್ಟವಾಯಿತಾ ಇಲ್ಲವಾ ಅನ್ನುವುದನ್ನು ಯಾರು ಕೇಳಬೇಕು?

ಕೇಳಿದವರು ಲೇಖಕರಲ್ಲ, ವಿದ್ವಾಂಸರೂ ಅಲ್ಲ, ಒಬ್ಬ ಅಂಗಡಿಯವರು. ಸಿಯಾಟಲ್‌ನಲ್ಲಿ ಪುಸ್ತಕ ಮಾರುತ್ತಿದ್ದ ಹ್ಯಾರಿ ಹಾರ್ಟ್‌ಮನ್ 1940ರಲ್ಲಿ ಯಂಗ್ ರೀಡರ್ಸ್ ಚಾಯ್ಸ್ ಅನ್ನುವ ಪ್ರಶಸ್ತಿ ಶುರು ಮಾಡಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ ಮಗು ಯಾವ ಪುಸ್ತಕದ ಕಡೆ ಕೈ ಚಾಚುತ್ತದೆ, ಅಪ್ಪ ಯಾವುದನ್ನು ಕೊಡಿಸುತ್ತಾನೆ ಅನ್ನುವುದು ದಿನಾ ಕಾಣುತ್ತದಲ್ಲ. ಅಮೆರಿಕದ ವಾಯವ್ಯ ಮೂಲೆಯ ರಾಜ್ಯಗಳು ಮತ್ತು ಕೆನಡಾದ ಪಕ್ಕದ ಪ್ರಾಂತ್ಯಗಳಲ್ಲಿ ಆ ಪ್ರಶಸ್ತಿ ನಡೆಯುತ್ತದೆ. ಅದರಲ್ಲಿ ಎರಡು ನಿಯಮ ನಿಮಗೆ ನೇರವಾಗಿ ಕೆಲಸಕ್ಕೆ ಬರುತ್ತವೆ. ಒಂದು, ಪಟ್ಟಿಗೆ ಬರುವ ಪುಸ್ತಕ ಮೂರು ವರ್ಷ ಹಳೆಯದಾಗಿರಬೇಕು. ಹೊಸದೇ ಬೇಕು ಅನ್ನುವ ಹಟ ಇಲ್ಲ. ಮೂರು ವರ್ಷದಲ್ಲಿ ಅಗ್ಗದ ಪ್ರತಿ ಬಂದಿರುತ್ತದೆ, ಸಣ್ಣ ಊರಿನ ಲೈಬ್ರರಿಗೂ ತಲುಪಿರುತ್ತದೆ, ನಾಲ್ಕು ಮಕ್ಕಳ ಕೈ ದಾಟಿರುತ್ತದೆ. ಎರಡು, ಓಟು ಹಾಕಬೇಕಾದರೆ ಪಟ್ಟಿಯಲ್ಲಿ ಕನಿಷ್ಠ ಎರಡು ಪುಸ್ತಕ ಓದಿರಬೇಕು, ಅಥವಾ ಯಾರಾದರೂ ಓದಿ ಹೇಳಿದ್ದನ್ನು ಕೇಳಿರಬೇಕು. ಕೇಳಿದ್ದೂ ಓದಿದ ಲೆಕ್ಕಕ್ಕೇ ಬರುತ್ತದೆ. ಓದಲು ತಡವರಿಸುವ ಮಗುವನ್ನು ಹೊರಗೆ ನಿಲ್ಲಿಸದೆ ಇರಲು ಇದಕ್ಕಿಂತ ಸರಳ ದಾರಿ ಕಾಣೆ.

ಫ್ರಾನ್ಸಿನದು ಬೇರೆ ರೀತಿ. ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್. ಅದರ ಮೊದಲ ಪಟ್ಟಿಯಲ್ಲಿರುವ ಕಾದಂಬರಿಗಳನ್ನು, ಅಂದರೆ ದೊಡ್ಡವರಿಗೆ ಅಂತ ಬರೆದವನ್ನೇ, ಸುಮಾರು 2000 ಹೈಸ್ಕೂಲು ಮಕ್ಕಳು ಎರಡು ತಿಂಗಳಲ್ಲಿ ಓದಿ ತಮ್ಮ ಗೊಂಕೂರ್ ಯಾವುದು ಅಂತ ತೀರ್ಮಾನ ಮಾಡುತ್ತಾರೆ. 1988ರಿಂದ ನಡೆಯುತ್ತಿದೆ. ಮೊದಲ ವರ್ಷ ಹಿರಿಯರ ಗೊಂಕೂರ್, ಮಕ್ಕಳ ಗೊಂಕೂರ್ ಎರಡೂ ಎರಿಕ್ ಓರ್ಸೆನಾ ಅವರ ಒಂದೇ ಕಾದಂಬರಿಗೆ ಹೋದವು. ತರಗತಿಯಲ್ಲಿ ಜಗಳ ಆಡಿ, ಪ್ರತಿನಿಧಿಗಳನ್ನು ಕಳಿಸಿ, ಕೊನೆಗೆ ರೆನ್ ಅನ್ನುವ ಊರಿನಲ್ಲಿ ಕೂತು ತೀರ್ಪು ಕೊಡುತ್ತಾರೆ. ಚರ್ಚೆಯ ಮಟ್ಟಿಗೆ ಅದನ್ನು ಮೀರಿಸುವುದು ಕಷ್ಟ. ಪಟ್ಟಿ ಮಾತ್ರ ಹಿರಿಯರದೇ, ಹಾಗಾಗಿ ನೀವು ಕೇಳಿದ ಜಾತಿಗೆ ಅದು ಪೂರ್ತಿ ಸೇರುವುದಿಲ್ಲ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಫೇಮಸ್ ಆದದ್ದೇ ಗೆಲ್ಲುತ್ತದಾ?

ಎಷ್ಟೋ ಸಲ ಹೌದು. 2007 ಮತ್ತು 2008, ಎರಡೂ ವರ್ಷ ಟೀನ್ಸ್ ಟಾಪ್ ಟೆನ್‌ನ ಮೊದಲ ಸ್ಥಾನ ಸ್ಟೆಫನಿ ಮೇಯರ್ ಅವರ ರಕ್ತಪಿಶಾಚಿ ಪ್ರೇಮಕಥೆಯ ಸರಣಿಗೇ ಹೋಯಿತು. 2008ರಲ್ಲಂತೂ ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕವನ್ನೇ ಎರಡನೇ ಸ್ಥಾನಕ್ಕೆ ತಳ್ಳಿತು. ಆಗ ಮೂಗು ಮುರಿದವರು ಬಹಳ ಜನ. ನಾನೂ ಮುರಿದಿದ್ದೆ, ಸುಳ್ಳು ಯಾಕೆ ಹೇಳಲಿ. ಮುಂದಿನ ವರ್ಷದ ಪಟ್ಟಿ ನೋಡಿ ನನ್ನ ಮೂಗು ನೆಟ್ಟಗಾಯಿತು. 2009ರ ಹತ್ತರಲ್ಲಿ ಅದೇ ಪಿಶಾಚಿ ಸರಣಿಯ ಮುಂದಿನ ಭಾಗವೂ ಇತ್ತು, ಜೊತೆಗೆ ನೀಲ್ ಗೈಮನ್ ಅವರ 'ದ ಗ್ರೇವ್‌ಯಾರ್ಡ್ ಬುಕ್' ಕೂಡ ಇತ್ತು. ಸ್ಮಶಾನದಲ್ಲಿ ದೆವ್ವಗಳ ಕೈಯಲ್ಲಿ ಬೆಳೆಯುವ ಹುಡುಗನ ಕಥೆ ಅದು. ಅದೇ ವರ್ಷದ ಜನವರಿಯಲ್ಲಿ ಹಿರಿಯರು ಅದಕ್ಕೆ ನ್ಯೂಬೆರಿ ಕೊಟ್ಟಿದ್ದರು. ಅದೇ ಹತ್ತರಲ್ಲಿ 'ದ ಹಂಗರ್ ಗೇಮ್ಸ್' ಕೂಡ ಇತ್ತು, ಅದರ ಸಿನಿಮಾ ಬಂದದ್ದು 2012ರಲ್ಲಿ. ಅಂದರೆ ಸಿನಿಮಾದ ಪೋಸ್ಟರ್ ನೋಡಿ ಓಟು ಹಾಕಿದರು ಅನ್ನುವ ಹಾಗಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು.

ಹಾಗಾಗಿ ಮಕ್ಕಳ ಪಟ್ಟಿಯಲ್ಲಿ ಮೊದಲನೇ ಸ್ಥಾನವನ್ನು ನಾನು ಅಷ್ಟಾಗಿ ನೋಡುವುದಿಲ್ಲ. ಅದು ಹೆಚ್ಚಾಗಿ ಎಲ್ಲರ ಬಾಯಲ್ಲೂ ಇರುವ ಪುಸ್ತಕವೇ. ನಾನು ನೋಡುವುದು ಏಳು, ಎಂಟು, ಒಂಬತ್ತನೇ ಸ್ಥಾನ, ಅದಕ್ಕಿಂತ ಹೆಚ್ಚಾಗಿ ಗೆಲ್ಲದೆ ಪಟ್ಟಿಯಲ್ಲೇ ಉಳಿದ ಹದಿನೈದು. ಯಾವುದೋ ಊರಿನ ಲೈಬ್ರರಿಯಲ್ಲಿ ಒಂದಿಷ್ಟು ಮಕ್ಕಳು "ಇದನ್ನು ಉಳಿದವರು ಓದಲೇಬೇಕು" ಅಂತ ಹಟ ಹಿಡಿಯದಿದ್ದರೆ ಆ ಪುಸ್ತಕಗಳು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಇನ್ನು ನಿಮ್ಮ ಶಾಲೆ. ಖಂಡಿತ ಮಾಡಬಹುದು. ಒಂದು ಕಡೆ ಮಾತ್ರ ಅವರ ಹಾಗೆ ಹೋಗಲಾರಿರಿ. "ಕಳೆದ ವರ್ಷ ಬಂದ ಪುಸ್ತಕ" ಅನ್ನುವ ನಿಯಮ ಕನ್ನಡದಲ್ಲಿ ನಡೆಯುವುದಿಲ್ಲ. ಚಿಕ್ಕ ಮಕ್ಕಳಿಗೆ ನಮ್ಮಲ್ಲಿ ಪದ್ಯ ಇದೆ, ಚಿತ್ರದ ಪುಸ್ತಕ ಇದೆ, ನೀತಿಕಥೆಯಂತೂ ಧಾರಾಳ. ಹದಿಮೂರರಿಂದ ಹದಿನಾರರ ಮಕ್ಕಳಿಗೆ ಅಂತಲೇ ಬರೆದ ಹೊಸ ಕಥೆ, ಕಾದಂಬರಿ ಹುಡುಕಿಕೊಂಡು ಹೋದರೆ ಕೈಗೆ ಸಿಗುವುದು ಬೆರಳೆಣಿಕೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಕನ್ನಡಕ್ಕೂ ಬರುತ್ತದೆ. ಆರಿಸುವವರು ಹಿರಿಯರೇ. ಗೆದ್ದ ಪುಸ್ತಕ ನಿಮ್ಮ ಬೀರುವಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆಶ್ಚರ್ಯ ಪಡಬೇಡಿ. ಆದ್ದರಿಂದ ವರ್ಷದ ನಿಯಮ ಕೈಬಿಡಿ. ಯಾವ ಕಾಲದ ಪುಸ್ತಕವಾದರೂ ಸರಿ, ಅನುವಾದವೂ ಸರಿ, ಈ ವರ್ಷ ಆ ಮಗು ಓದಿರಬೇಕು ಅಷ್ಟೇ.

ಇದರಿಂದ ಒಂದು ತಮಾಷೆಯ ತೊಂದರೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಜಿಲ್ಲೆಯವರೇ ಆದ ಕುವೆಂಪು ಅವರ ಕಿಂದರಿಜೋಗಿ ಪ್ರತಿ ವರ್ಷ ಬಂದು ಗೆದ್ದು ಹೋಗುತ್ತಾನೆ. ಮಕ್ಕಳಿಗೆ ಬಾಯಿಪಾಠ ಬರುತ್ತದಲ್ಲ. ಒಮ್ಮೆ ಗೆದ್ದ ಪುಸ್ತಕ ಮತ್ತೆ ಸ್ಪರ್ಧೆಗಿಲ್ಲ ಅಂತ ಮೊದಲೇ ಬರೆದು ಅಂಟಿಸಿ. ಪಠ್ಯಪುಸ್ತಕದ ಪಾಠವೂ ಇಲ್ಲ ಅನ್ನಿ. ಇಲ್ಲದಿದ್ದರೆ ಅರ್ಧ ಚೀಟಿಗಳಲ್ಲಿ ಅದೇ ಇರುತ್ತದೆ, ಟೀಚರಿಗೆ ಖುಷಿ ಆಗಲಿ ಅಂತ.

ಜೂನ್ ಜುಲೈನಲ್ಲಿ ಒಂದು ಡಬ್ಬ ಇಡಿ. ಚೀಟಿಯಲ್ಲಿ ಪುಸ್ತಕದ ಹೆಸರು, ಜೊತೆಗೆ ಒಂದೇ ಒಂದು ವಾಕ್ಯ: ಇದನ್ನು ನನ್ನ ಗೆಳೆಯ ಅಥವಾ ಗೆಳತಿ ಯಾಕೆ ಓದಬೇಕು. ಲೇಖಕರ ಪರಿಚಯ ಬೇಡ, ಸಾರಾಂಶ ಬೇಡ, "ಈ ಪುಸ್ತಕದಿಂದ ನಾನು ಕಲಿತ ನೀತಿ" ಅಂತೂ ಬೇಡವೇ ಬೇಡ. ಪುಸ್ತಕ ಬೀರುವಿನದೇ ಆಗಬೇಕಿಲ್ಲ. ಮನೆಯ ಅಟ್ಟದಲ್ಲಿ ಸಿಕ್ಕಿದ್ದು, ಅಜ್ಜಿಯ ಟ್ರಂಕಿನಲ್ಲಿ ಇದ್ದದ್ದು, ಪಂಚಾಯಿತಿ ಲೈಬ್ರರಿಯದು, ಯಾವುದಾದರೂ ಸರಿ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ, ನಿಮ್ಮ ಮಕ್ಕಳಲ್ಲಿ ಎಷ್ಟು ಜನರ ಹೆಸರು ಅಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ.

ಕಷ್ಟದ ಭಾಗ ಈಗ ಬರುತ್ತದೆ. ಚೀಟಿ ತೆಗೆದಾಗ ನಿಮಗೆ ಹಿಡಿಸದ ಪುಸ್ತಕಗಳು ಬಂದೇ ಬರುತ್ತವೆ. ಪತ್ತೇದಾರಿ ಬರುತ್ತದೆ, ದೆವ್ವದ ಕಥೆ ಬರುತ್ತದೆ, ಕ್ರಿಕೆಟ್ ಆಟಗಾರನ ಮೇಲೆ ಯಾರೋ ತರಾತುರಿಯಲ್ಲಿ ಬರೆದ ತೆಳ್ಳನೆಯ ಪುಸ್ತಕ ಬರುತ್ತದೆ. ಹೊಡೆದು ಹಾಕಬೇಡಿ. ಮಕ್ಕಳಿಗೆ ನಿಜಕ್ಕೂ ಕೊಡಬಾರದ ಪುಸ್ತಕ ಅಂತ ನಿಮಗೆ ಅನ್ನಿಸಿದರೆ, ನೀವೇ ಪೂರ್ತಿ ಓದಿ, ಸೂಚಿಸಿದ ಮಗುವನ್ನು ಕರೆದು ಮಾತಾಡಿ. ಸದ್ದಿಲ್ಲದೆ ಪಟ್ಟಿಯಿಂದ ಬಿಟ್ಟರೆ ಮಾತ್ರ ಕೆಟ್ಟಿತು. ಮಕ್ಕಳಿಗೆ ಇದು ಒಂದೇ ದಿನದಲ್ಲಿ ಗೊತ್ತಾಗುತ್ತದೆ, ಮುಂದಿನ ವರ್ಷ ಎಲ್ಲರೂ ಮಹಾಪುರುಷರ ಜೀವನಚರಿತ್ರೆ ಸೂಚಿಸುತ್ತಾರೆ.

ಪಟ್ಟಿ ಚಿಕ್ಕದಿರಲಿ. ನೂರಿಪ್ಪತ್ತು ಮಕ್ಕಳಿಗೆ ಎಂಟು ಪುಸ್ತಕ ಸಾಕು. ಹೆಚ್ಚು ಚೀಟಿ ಬಂದ ಐದು, ಮಿಕ್ಕ ಮೂರು ಸ್ಥಾನ ಒಂದೇ ಒಂದು ಚೀಟಿ ಬಂದ ಪುಸ್ತಕಗಳಿಗೆ. ಆ ಮೂರನ್ನು ಮಕ್ಕಳ ಒಂದು ಸಮಿತಿ ಆ ಒಂದು ವಾಕ್ಯ ಓದಿ ಆರಿಸಲಿ. ಈ ಮೂರು ಸ್ಥಾನದ ಲೆಕ್ಕ ನನ್ನದೇ ಕಿತಾಪತಿ, ಬೇರೆ ಎಲ್ಲೂ ನೋಡಿಲ್ಲ. ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರತಿಗಳ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಹಲವು ವರ್ಷದ ಹಿಂದೆ ಒಂದು ಬೇಸಿಗೆ ಶಿಬಿರದಲ್ಲಿ ಇದನ್ನೇ ಮಾಡಿಸಿದ್ದೆ. ಒಂದು ಪುಸ್ತಕದ್ದು ಆರು ಪ್ರತಿ ಇತ್ತು, ಉಳಿದವಕ್ಕೆ ಒಂದೊಂದೇ. ಆರು ಪ್ರತಿಯ ಪುಸ್ತಕ ಭರ್ಜರಿಯಾಗಿ ಗೆದ್ದಿತು. ಫಲಿತಾಂಶ ಹೇಳಿ ಚಪ್ಪಾಳೆ ತಟ್ಟಿಸಿ ಮನೆಗೆ ಬಂದ ಮೇಲೆ ಹೊಳೆಯಿತು, ಮಕ್ಕಳು ಓಟು ಹಾಕಿದ್ದು ಕೈಗೆ ಸಿಕ್ಕಿದ್ದಕ್ಕೆ! ಎಂಟಕ್ಕೂ ಸಮ ಸಮ ಪ್ರತಿ ಇರಲಿ. ಮೂರು ಮೂರು ಸಿಕ್ಕರೆ ಬಹಳ ಒಳ್ಳೆಯದು. ಒಂದೊಂದೇ ಇದ್ದರೂ ಅಡ್ಡಿಯಿಲ್ಲ, ವಾರಕ್ಕೆ ಎರಡು ದಿನ ಊಟದ ಬಿಡುವಿನಲ್ಲಿ ಒಬ್ಬರು ಜೋರಾಗಿ ಓದಲಿ, ಉಳಿದವರು ಕೇಳಲಿ. ನೀವೇ ಓದಬೇಕು ಅಂತಿಲ್ಲ. ಚೆನ್ನಾಗಿ ಓದುವ ಹತ್ತನೇ ಕ್ಲಾಸಿನ ಹುಡುಗಿ ಓದಿದರೆ ಇನ್ನೂ ಚೆಂದ. ಪಕ್ಕದ ಊರಿನ ಎರಡು ಶಾಲೆ ಸೇರಿಕೊಂಡರೆ ಪುಸ್ತಕದ ಚೀಲ ಒಂದು ಶಾಲೆಯಿಂದ ಇನ್ನೊಂದಕ್ಕೆ ಸುತ್ತಬಹುದು.

ಅವರಿಗೆ ಬೇಸಿಗೆ ರಜೆ ಇದ್ದ ಹಾಗೆ ನಮಗೆ ದಸರಾ ರಜೆ ಇದೆ. ಆಗ ಪುಸ್ತಕ ಮನೆಗೆ ಕೊಡಿ. ಕಳೆದುಹೋಗುತ್ತದೆ ಅಂತ ಬೀರುವಿಗೆ ಬೀಗ ಹಾಕುವವರು ಎಲ್ಲ ಶಾಲೆಯಲ್ಲೂ ಒಬ್ಬರು ಇರುತ್ತಾರೆ, ನಿಮ್ಮಲ್ಲೂ ಇರಬಹುದು. ಅವರಿಗೆ ಒಂದೆರಡು ಪುಸ್ತಕ ಹೋಗುತ್ತದೆ ಅಂತ ಮೊದಲೇ ಒಪ್ಪಿಸಿಬಿಡಿ. ಓಟು ಡಿಸೆಂಬರ್ ಒಳಗೆ ಮುಗಿಯಲಿ, ಆಮೇಲೆ ಹತ್ತನೇ ಕ್ಲಾಸಿನವರು ಎಸ್ಸೆಸ್ಸೆಲ್ಸಿ ಗಲಾಟೆಯಲ್ಲಿ ನಮಗೆ ಸಿಗುವುದಿಲ್ಲ.

ಓಟು ಹೇಗೆ ಹಾಕಬೇಕು ಅಂತ ನಿಮ್ಮ ಮಕ್ಕಳಿಗೆ ಹೇಳಿಕೊಡುವುದೇ ಬೇಡ. ಶಾಲಾ ಸಂಸತ್ತಿಗೆ ಮುಖ್ಯಮಂತ್ರಿ ಆರಿಸಿದವರು ಅವರು. ಅದೇ ಪೆಟ್ಟಿಗೆ, ಅದೇ ಮರೆ, ಬೇಕಿದ್ದರೆ ಬೆರಳಿಗೆ ಶಾಯಿ ಕೂಡ. ಕನಿಷ್ಠ ಮೂರು ಪುಸ್ತಕ ಓದಿದವರಿಗೆ ಅಥವಾ ಕೇಳಿದವರಿಗೆ ಓಟು. ಓದಿದ್ದಾರೋ ಇಲ್ಲವೋ ಅಂತ ಪರೀಕ್ಷೆ ಮಾಡಬೇಡಿ, ಪ್ರಶ್ನೆಪತ್ರಿಕೆ ಬಂದ ಕೂಡಲೇ ಮಜಾ ಹೋಯಿತು. ಬೆಂಚಿನ ಪಕ್ಕದವರಿಗೆ ಒಂದು ನಿಮಿಷ ಆ ಪುಸ್ತಕದ ಬಗ್ಗೆ ಹೇಳಲಿ, ಅವರು ಹೂಂ ಅಂದರೆ ಮುಗಿಯಿತು. ಒಂದಿಬ್ಬರು ಮೋಸ ಮಾಡುತ್ತಾರೆ. ಮಾಡಲಿ ಬಿಡಿ.

ಮತ್ತೆ, ಪೆಟ್ಟಿಗೆಯ ಹತ್ತಿರ ನೀವು ನಿಲ್ಲಬೇಡಿ. ನಾನು ನೋಡಿದ ಒಂದು ಶಾಲೆಯಲ್ಲಿ ಟೀಚರ್ ಒಬ್ಬರು ಬಹಳ ಪ್ರೀತಿಯಿಂದ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ವರ್ಷವಿಡೀ ಅವರು ಹೊಗಳಿದ್ದ ಪುಸ್ತಕಕ್ಕೆ ಹೆಚ್ಚು ಕಡಿಮೆ ಎಲ್ಲಾ ಓಟು ಬಂದಿತ್ತು. ಅವರೇನೂ ಒಂದು ಮಾತು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ವಾ?

ಕೊನೆಗೆ ಬಹುಮಾನ. ಇದಕ್ಕೆ ನನ್ನ ಹತ್ತಿರ ಬ್ರಿಟನ್ನಿನ ಒಂದು ಉಪಾಯ ಇದೆ. ಅಲ್ಲಿ ಮಕ್ಕಳ ಪುಸ್ತಕ ಗುಂಪುಗಳ ಒಕ್ಕೂಟ ಅಂತ ಇದೆ, 1968ರಲ್ಲಿ ಆನ್ ವುಡ್ ಅನ್ನುವವರು ಕಟ್ಟಿದ್ದು. (ಟೆಲಿಟಬ್ಬೀಸ್ ಕಾರ್ಯಕ್ರಮ ನೆನಪಿದೆಯಾ? ಅದರ ಹಿಂದೆ ಇದ್ದವರೂ ಇವರೇ.) ಆ ಒಕ್ಕೂಟ 1980ರಿಂದ ಮಕ್ಕಳೇ ಓದಿ ಪರೀಕ್ಷಿಸಿ ಆರಿಸುವ ಪ್ರಶಸ್ತಿ ನಡೆಸುತ್ತಿದೆ. ಕೊನೆಯ ಸುತ್ತಿಗೆ ಬಂದ ಲೇಖಕರಿಗೂ ಚಿತ್ರಕಾರರಿಗೂ ಒಂದು ದಪ್ಪ ಪುಸ್ತಕ ಕೊಡುತ್ತಾರೆ, ಮಕ್ಕಳು ಬರೆದ ಪತ್ರ, ಬಿಡಿಸಿದ ಚಿತ್ರ, ಹೇಳಿದ ಅಭಿಪ್ರಾಯ ಎಲ್ಲವನ್ನೂ ಒಟ್ಟಿಗೆ ಸೇರಿಸಿದ್ದು.

ನಿಮಗೆ ಇದಕ್ಕೆ ಬೇಕಾಗುವುದು 50 ಪೈಸೆಯ ಪೋಸ್ಟ್ ಕಾರ್ಡುಗಳು. ಪ್ರಕಾಶಕರ ವಿಳಾಸ ಪುಸ್ತಕದ ಎರಡನೇ ಪುಟದಲ್ಲೇ ಇರುತ್ತದೆ, ಲೇಖಕರಿಗೆ ತಲುಪಿಸಿ ಅಂತ ಬರೆದರೆ ತಲುಪಿಸುತ್ತಾರೆ. ಗೆದ್ದ ಪುಸ್ತಕಕ್ಕೆ ಮಾತ್ರ ಅಲ್ಲ, ಎಂಟಕ್ಕೂ ಬರೆಯಲಿ. ಕಾಗುಣಿತದ ತಪ್ಪು ತಿದ್ದಬೇಡಿ, ದಯವಿಟ್ಟು, ಕನ್ನಡ ಟೀಚರಿಗೆ ಇದು ಕಷ್ಟ ಅಂತ ಗೊತ್ತು. ಲೇಖಕರು ಬದುಕಿಲ್ಲದಿದ್ದರೆ ಏನು ಮಾಡುವುದು ಅಂತ ನಮ್ಮ ಶಿಬಿರದಲ್ಲಿ ಪ್ರಶ್ನೆ ಬಂದಿತ್ತು. ಒಬ್ಬ ಹುಡುಗ, "ಆ ಪುಸ್ತಕ ಮುಂದಿನ ವರ್ಷ ತಗೊಳ್ಳೋರಿಗೆ ಬರೀತೀನಿ" ಅಂತ ಕಾರ್ಡನ್ನು ಪುಸ್ತಕದೊಳಗೇ ಇಟ್ಟ.

ಸೂಚನೆಯ ಡಬ್ಬ ತೆಗೆದ ದಿನ ನನಗೂ ಒಂದು ಸಾಲು ಬರೆಯಿರಿ ಮೇಡಂ. ಯಾವುದು ಗೆದ್ದಿತು ಅಂತ ಆಮೇಲೆ ಯಾವಾಗಲಾದರೂ ತಿಳಿಸಿದರೆ ಸಾಕು, ಆ ಒಂದೊಂದೇ ಚೀಟಿ ಬಂದ ಪುಸ್ತಕಗಳ ಹೆಸರು ಮಾತ್ರ ಬೇಗ ಕಳಿಸಿ.